ಕೋಟೆಯ ಹೆಸರು, ಬಳ್ಳಿಯ ಬೆವರು

ಇಟಲಿಯ ಟಸ್ಕನಿ ಪ್ರಾಂತದಲ್ಲಿ, ಫ್ಲಾರೆನ್ಸ್ ಮತ್ತು ಸಿಯೆನಾ ನಗರಗಳ ನಡುವೆ ಹಬ್ಬಿರುವ ಗುಡ್ಡಗಳ ಸೀಮೆಗೆ ಕಿಯಾಂಟಿ ಎಂದು ಹೆಸರು. ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಆ ದಾರಿ ಹಿಡಿದ ಪ್ರವಾಸಿಗೆ ಒಂದೊಂದು ತಿರುವಿನಲ್ಲಿಯೂ ಅದೇ ನೋಟ ಹೊಸ ಬೆಡಗಿನಿಂದ ಎದುರಾಗುತ್ತದೆ: ದಿಣ್ಣೆಯ ನೆತ್ತಿಯಲ್ಲೊಂದು ಕೋಟೆ, ಅದರ ಬುಡದಿಂದ ಕಣಿವೆಯವರೆಗೆ ಇಳಿದ ದ್ರಾಕ್ಷಿಯ ಸಾಲು, ನಡುವೆ ಬೂದುಹಸಿರಿನ ಆಲಿವ್ ಮರಗಳು, ಒಂಟಿಯಾಗಿ ನಿಂತ ಕಲ್ಲಿನ ಮನೆ. ಕೋಟೆಯ ಕಥೆಯನ್ನು ಕೇಳದೆಯೇ ಹೇಳುವವರು ಬಹಳ ಮಂದಿ. ಕಲ್ಲಿನ ಮನೆಯ ಕಥೆಯನ್ನು ಹೇಳುವವರು ವಿರಳ. ಆದರೆ ಕಿಯಾಂಟಿಯ ದ್ರಾಕ್ಷಾಮದ್ಯದಲ್ಲಿ ಎರಡು ಮನೆಗಳ ಪಾಲೂ ಉಂಟು.

ಈ ಸೀಮೆಗಾಗಿ ಎರಡು ನಗರಗಳೂ ಬಹುಕಾಲ ಕಾದಾಡಿದವು. ಕಡೆಗೆ ಜಗಳ ತೀರಿಸಲು ಒಂದು ಪಣ ಕಟ್ಟಿದರೆಂದು ಐತಿಹ್ಯ. ಕೋಳಿ ಕೂಗಿದೊಡನೆ ಒಂದೊಂದು ನಗರದಿಂದ ಒಬ್ಬೊಬ್ಬ ಕುದುರೆ ಸವಾರ ಹೊರಡಬೇಕು. ಇಬ್ಬರೂ ಸಂಧಿಸುವ ಸ್ಥಳವೇ ಗಡಿ. ಸಿಯೆನಾದವರು ತಮ್ಮ ಬಿಳಿಯ ಹುಂಜಕ್ಕೆ ಹೊಟ್ಟೆ ತುಂಬ ಕಾಳು ಹಾಕಿದರು. ಫ್ಲಾರೆನ್ಸಿನವರು ತಮ್ಮ ಕರಿಯ ಹುಂಜವನ್ನು ಉಪವಾಸ ಕೆಡವಿದರು. ಹಸಿದ ಹುಂಜಕ್ಕೆ ನಿದ್ರೆಯೆಲ್ಲಿಯದು? ನಸುಕಿಗೆ ಮೊದಲೇ ಕೂಗಿತು. ಫ್ಲಾರೆನ್ಸಿನ ಸವಾರ ಸಿಯೆನಾದಿಂದ ಸುಮಾರು 12 ಕಿಲೋಮೀಟರ್ ದೂರದವರೆಗೂ ಬಂದುಬಿಟ್ಟ; ಕಿಯಾಂಟಿಯ ಬಹುಭಾಗ ಫ್ಲಾರೆನ್ಸಿಗೆ ದಕ್ಕಿತು. 1924ರಲ್ಲಿ ರಾದ್ದಾ ಎಂಬ ಊರಿನಲ್ಲಿ 33 ಮಂದಿ ಬೆಳೆಗಾರರು ಸಂಘ ಕಟ್ಟಿದಾಗ ಕರಿಯ ಹುಂಜವನ್ನೇ ತಮ್ಮ ಮುದ್ರೆಯನ್ನಾಗಿ ಆರಿಸಿಕೊಂಡರು. ಹಸಿದ ಪ್ರಾಣಿಯ ಕೂಗಿನಿಂದ ಒಡೆಯನಿಗೆ ನೆಲ ದೊರೆತ ಈ ಕಥೆ ಆ ಸೀಮೆಗೆ ಬಲು ಚೆನ್ನಾಗಿ ಒಪ್ಪುತ್ತದೆ.

ಅಲ್ಲಿನ ಕೋಟೆಗಳಲ್ಲಿ ಬ್ರೋಲಿಯೋ ಹೆಸರಾದುದು. ರಿಕಾಸೋಲಿ ಮನೆತನದವರು ಅದನ್ನು 1141ರಲ್ಲಿ ಪಡೆದರು. ಸಿಯೆನಾದ ಸೇನೆ ಅದನ್ನು ಹಾಳುಗೆಡಹಿತು. ಫ್ಲಾರೆನ್ಸ್ ಮತ್ತೆ ಕಟ್ಟಿಸಿತು. ಎರಡನೆಯ ಮಹಾಯುದ್ಧದ ಗುಂಡುಗಳೂ ಅದರ ಗೋಡೆಯಲ್ಲಿ ಗುರುತು ಬಿಟ್ಟಿವೆ. 1861ರಲ್ಲಿ, ಒಂದುಗೂಡಿದ ಇಟಲಿಯ ಪ್ರಥಮ ಪ್ರಧಾನಿ ಕಾವೂರ್ ತೀರಿಕೊಂಡಾಗ ಆ ಪದವಿಗೆ ಬಂದವನು ಈ ಕೋಟೆಯ ಒಡೆಯ ಬೆಟ್ಟಿನೋ ರಿಕಾಸೋಲಿ. ಜನ ಅವನನ್ನು ‘ಉಕ್ಕಿನ ಬ್ಯಾರನ್’ ಎಂದು ಕರೆದರು. ನೃತ್ಯಕೂಟವೊಂದರಲ್ಲಿ ತನ್ನ ಪತ್ನಿಯೊಡನೆ ಒಬ್ಬ ತರುಣ ಹೆಚ್ಚು ಸಲುಗೆ ತೋರಿದನೆಂದು ಅಂದಿನ ರಾತ್ರಿಯೇ ಆಕೆಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಬ್ರೋಲಿಯೋಗೆ ತಂದುಬಿಟ್ಟನೆಂದು ಕಥೆ. ಬೆಳದಿಂಗಳಿನಲ್ಲಿ ಅವನ ಪ್ರೇತ ಇಂದಿಗೂ ಕುದುರೆಯೇರಿ ತಿರುಗುವುದಂತೆ!

ಪ್ರೇತದ ಮಾತು ಹಾಗಿರಲಿ. ಅವನು ನಾಡಿಗೆ ಬಿಟ್ಟುಹೋದ ನಿಜವಾದ ಆಸ್ತಿ ಒಂದು ಕಾಗದ. ಹಲವು ವರ್ಷಗಳ ಪ್ರಯೋಗದ ತರುವಾಯ, 1872ರಲ್ಲಿ ಪೀಸಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೊಬ್ಬರಿಗೆ ಅವನು ಮದ್ಯದ ಹದವನ್ನು ಬರೆದು ಕಳುಹಿಸಿದ. ಕಂಪು, ಕಸುವುಗಳಿಗೆ ಸಾಂಜೊವೇಸೆ ದ್ರಾಕ್ಷಿ; ಅದರ ಒಗರನ್ನು ತಗ್ಗಿಸಲು ಕನಾಯೋಲೋ; ದಿನಬಳಕೆಯ ಮದ್ಯವನ್ನು ಹಗುರಗೊಳಿಸಲು ಬಿಳಿಯ ಮಲ್ವಸೀಯ. ಈಗಿನ ‘ಕಿಯಾಂಟಿ ಕ್ಲಾಸಿಕೋ’ದಲ್ಲಿ ನೂರಕ್ಕೆ 80 ಪಾಲಾದರೂ ಸಾಂಜೊವೇಸೆ ಇರಲೇಬೇಕು; 2006ರಿಂದ ಬಿಳಿಯ ದ್ರಾಕ್ಷಿಗೆ ಅಲ್ಲಿ ಎಡೆಯೇ ಇಲ್ಲ. ಹಳೆಯ ಕಾಲದ ರೈತರಿಗೆ ಇನ್ನೊಂದು ಉಪಾಯ ಗೊತ್ತಿತ್ತು. ಸುಗ್ಗಿಯ ಹಣ್ಣಿನಲ್ಲಿ ಒಂದಿಷ್ಟನ್ನು ತಡಿಕೆಗಳ ಮೇಲೆ ಹರಡಿ ಬಾಡಿಸುವರು. ಪೀಪಾಯಿಯ ರಸ ಹುದುಗಿ ತಣ್ಣಗಾಗುವ ಹೊತ್ತಿಗೆ ಅದನ್ನು ಹಿಂಡಿ ಬೆರೆಸುವರು. ರಸ ಮತ್ತೆ ಕುದಿದೆದ್ದು ಮೃದುವಾಗುತ್ತಿತ್ತು.

ಈ ಕೆಲಸವನ್ನೆಲ್ಲ ಮಾಡಿದವರು ಯಾರು? ಕಲ್ಲಿನ ಮನೆಯವರು. ಕನ್ನಡದ ರೈತ ‘ಕೋರು’ ಎಂದು ಕರೆಯುವ ಪದ್ಧತಿಗೆ ಅಲ್ಲಿ ‘ಮೆತ್ಸಾದ್ರೀಯ’ ಎಂದು ಹೆಸರು. ನೆಲವೂ ಮನೆಯೂ ಒಡೆಯನವು, ದುಡಿಮೆ ಒಕ್ಕಲ ಕುಟುಂಬದ್ದು, ಬೆಳೆಯಲ್ಲಿ ಅರ್ಧರ್ಧ. ಒಂದೇ ಹೊಲದಲ್ಲಿ ಗೋಧಿ, ಆಲಿವ್, ಮೇಪಲ್ ಮರಕ್ಕೆ ಹಬ್ಬಿಸಿದ ದ್ರಾಕ್ಷಿಬಳ್ಳಿ, ಎಲ್ಲವೂ ಇರುತ್ತಿದ್ದುದು ಅವರ ಹೊಟ್ಟೆಪಾಡಿಗಾಗಿ. ಪಾರುಪತ್ಯಗಾರ ಬಂದು ಲೆಕ್ಕ ಬರೆಯುವನು. ಮನೆಯಲ್ಲಿ ಮದುವೆ ನಡೆಯಬೇಕಾದರೂ ಒಡೆಯನ ಒಪ್ಪಿಗೆ ಬೇಕಾಗಿತ್ತು. ಕಿಯಾಂಟಿಯ ಗುರುತಾಗಿ ಲೋಕವೆಲ್ಲ ಬಲ್ಲ ಗುಂಡುಸೀಸೆಯ ಮೈಗೆ ಜೊಂಡುಹುಲ್ಲನ್ನು ಹೆಣೆದ ಕೈಗಳೂ ಬಡ ಹೆಂಗಸರವೇ.

ಯುದ್ಧಾನಂತರ, 1950 ಮತ್ತು 1960ರ ದಶಕಗಳಲ್ಲಿ, ಈ ಒಕ್ಕಲುಗಳು ನಗರದ ಕಾರ್ಖಾನೆಗಳನ್ನು ಅರಸಿ ಗುಂಪುಗುಂಪಾಗಿ ಹೊರಟುಹೋದವು. 1964ರ ಕಾಯಿದೆ ಇಂತಹ ಹೊಸ ಕರಾರುಗಳನ್ನು ನಿಷೇಧಿಸಿತು. ನ್ಯಾಯ ಬಂದಾಗ ಅದನ್ನು ಪಡೆಯಬೇಕಾದವರಲ್ಲಿ ಅನೇಕರು ಬಾಗಿಲಿಗೆ ಬೀಗ ಹಾಕಿ ಹೋಗಿಯಾಗಿತ್ತು. ಪಾರಿವಾಳದ ಗೂಡುಗಳಿದ್ದ ಆ ಮನೆಗಳನ್ನು ದೂರದೇಶದವರು ಕೊಂಡರು. ಎಷ್ಟೋ ಮನೆಗಳು ಇಂದು ಪ್ರವಾಸಿಗಳ ಬಿಡದಿಗಳಾಗಿವೆ. ಹಿಂದೆ ಎತ್ತುಗಳನ್ನು ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ಈಗ ಅತಿಥಿಗಳು ಊಟಕ್ಕೆ ಕೂರುತ್ತಾರೆ.

ಹಾಗಾದರೆ ಆ ದುಡಿಮೆಯ ನೆನಪು ಅಳಿಯಿತೇ? ಫ್ಲಾರೆನ್ಸಿಗೆ ಹತ್ತಿರದ ಇಂಪ್ರುನೇತ ಎಂಬ ಊರಿನಲ್ಲಿ ಸೆಪ್ಟೆಂಬರ್ ತಿಂಗಳ ಕೊನೆಯ ಭಾನುವಾರ ನಿಂತು ನೋಡಿದವರು ಹಾಗೆನ್ನಲಾರರು. ಸುಟ್ಟ ಮಣ್ಣಿನ ಕೆಲಸಕ್ಕೆ ಹೆಸರಾದ ಊರದು. ಅಲ್ಲಿ 1926ರಲ್ಲಿ ದ್ರಾಕ್ಷಿಯ ಹಬ್ಬ ಆರಂಭವಾಯಿತು. ಊರಿನ ನಾಲ್ಕು ಕೇರಿಗಳ ಜನರೂ ಬೇಸಗೆಯೆಲ್ಲ ದುಡಿದು ಭಾರಿ ತೇರುಗಳನ್ನು ಕಟ್ಟುತ್ತಾರೆ. ಹಬ್ಬದ ದಿನ ಹಾಡು ಕುಣಿತಗಳೊಡನೆ ಚೌಕಕ್ಕೆ ಎಳೆದು ತರುತ್ತಾರೆ. ಅಜ್ಜನಿಂದ ಮೊಮ್ಮಗುವಿನವರೆಗೆ ಎಲ್ಲರಿಗೂ ಅದರಲ್ಲಿ ಪಾತ್ರ. ಗೆದ್ದ ಕೇರಿಯ ಸಂಭ್ರಮಕ್ಕೆ ಎಣೆಯಿಲ್ಲ. ಸೋತ ಕೇರಿ ಮರುವರ್ಷದ ತೇರಿನ ಮಾತು ತೆಗೆಯುತ್ತದೆ.

ಸೀಸೆಯ ಮೇಲಿನ ಚೀಟಿಯಲ್ಲಿ ಕೋಟೆಯ ಹೆಸರಿರುತ್ತದೆ, ಹುಂಜದ ಚಿತ್ರವಿರುತ್ತದೆ. ಬಳ್ಳಿ ಕಟ್ಟಿದವರ ಹೆಸರಿಗೆ ಅಲ್ಲಿ ಜಾಗ ಸಾಲದು. ವರ್ಷಕ್ಕೊಂದು ದಿನ ಊರಚೌಕದಲ್ಲಿ ಆ ದುಡಿಮೆ ತೇರಿನ ಮೇಲೆ ಕುಳಿತು ಮೆರೆಯುತ್ತದೆ. ಅಂದು ಕೋಟೆಯವರೂ ಕೆಳಗೆ ನಿಂತು ತಲೆಯೆತ್ತಿ ನೋಡಬೇಕು.