ಕಾಯಿ ಬಿಡದ ಬಳ್ಳಿ

ಜಗಳೂರಿನ ಕಡೆ ಒಂದೆರಡು ಹದ ಮಳೆ ಬಿದ್ದರೆ ಸಾಕು, ಬೇಲಿ ಸಾಲಿನಲ್ಲಿ ಮಡಹಾಗಲ ಬಳ್ಳಿ ಚಿಗುರುತ್ತದೆ. ಬಿತ್ತಿದವರಿಲ್ಲ, ನೀರೆರೆದವರಿಲ್ಲ. ಬೇಸಿಗೆಯುದ್ದಕ್ಕೂ ಗೆಡ್ಡೆ ನೆಲದೊಳಗೆ ಜೀವ ಹಿಡಿದಿರುತ್ತದೆ. ಮಳೆಯಾದೊಡನೆ ಕಳ್ಳಿಯೋ ಜಾಲಿಯೋ, ಸಿಕ್ಕಿದ್ದನ್ನು ಹಿಡಿದು ಮೇಲೇರುತ್ತದೆ. ಹೆಸರಿನಲ್ಲಿ ಹಾಗಲವಿದ್ದರೂ ಕಾಯಿಯಲ್ಲಿ ಆ ಕಹಿಯಿಲ್ಲ. ಸೀಳಿ, ಬಲಿತ ಬೀಜ ತೆಗೆದು, ಎಣ್ಣೆಯಲ್ಲಿ ಬಾಡಿಸಿ ಶೇಂಗಾ ಪುಡಿ ಉದುರಿಸಿದರೆ ಬಿಸಿ ರೊಟ್ಟಿಗೆ ಅದಕ್ಕಿಂತ ಒಳ್ಳೆಯ ಪಲ್ಯ ಬೇಡ.

ನಾನಾಗ ಪ್ರೈಮರಿ ಶಾಲೆಯಲ್ಲಿದ್ದೆ. ಬೇಲಿ ಸವರುವಾಗ ಚಿಕ್ಕಪ್ಪ ಬದುವಿನ ಮೂಲೆಯಲ್ಲಿದ್ದ ದೊಡ್ಡ ಬಳ್ಳಿಯನ್ನು ಗೆಡ್ಡೆಸಮೇತ ಅಗೆದು ಒಗೆದ. ವರ್ಷವೂ ಮೈತುಂಬ ಹೂವಾಗಿ ಒಂದೂ ಕಾಯಿ ಕೊಡದ ಬಳ್ಳಿ ಅದು. ಉಳಿದ ಬಳ್ಳಿಗಳು ಎಂದಿನಂತೆ ಹಬ್ಬಿದವು, ಹೂವಾದವು. ಆದರೆ ಹೂವಿನ ಬುಡದ ಹೀಚು ಹಳದಿಗೆ ತಿರುಗಿ ಉದುರತೊಡಗಿತು. ಶ್ರಾವಣ ಬಂದರೂ ಪಲ್ಯಕ್ಕೆ ಒಂದು ಹಿಡಿ ಕಾಯಿ ಸಿಗಲಿಲ್ಲ.

ಅಜ್ಜಿ ಹೊಲಕ್ಕೆ ಬಂದು ಮೂಲೆ ನೋಡಿದಳು. “ಅದು ಗಂಡು ಬಳ್ಳಿ ಕಣಪ್ಪಾ. ಅದಿಲ್ದಂಗೆ ಇವು ಹೆಂಗೆ ಕಾಯಿ ಕಟ್ತಾವು?” ಎಂದಳು. ಚಿಕ್ಕಪ್ಪ ಮಾತಾಡಲಿಲ್ಲ.

ಅವತ್ತು ಹೊತ್ತು ಮುಳುಗಿದ ಮೇಲೆ ಅಜ್ಜಿ ನನ್ನ ಕೈಗೆ ಲಾಟೀನು ಕೊಟ್ಟು ಹಳ್ಳದ ದಂಡೆಯ ಬೇಲಿಗೆ ಕರೆದೊಯ್ದಳು. ಮಡಹಾಗಲ ಅರಳುವುದೇ ಸಂಜೆಗತ್ತಲಲ್ಲಿ. ಅದರ ನಂಟು ರಾತ್ರಿ ಹಾರುವ ಪತಂಗಗಳ ಜೊತೆ. ಅಲ್ಲಿನ ಗಂಡು ಬಳ್ಳಿಯಿಂದ ನಾಲ್ಕು ಹೂ ಬಿಡಿಸಿದಳು. ಪ್ರತಿ ಹೂವಿನ ಬುಡಕ್ಕೂ ಮುಸುಕಿನಂಥ ಒಂದು ಪುಟ್ಟ ಎಲೆ. ನಮ್ಮ ಬೇಲಿಯ ಹೆಣ್ಣು ಹೂವಿಗೆ ಅಂಥ ಮುಸುಕಿಲ್ಲ. ಬುಡದಲ್ಲಿ ಮೆತ್ತನೆ ಮುಳ್ಳಿನ ಹಸಿರು ಹೀಚು. ಗಂಡು ಹೂವಿನ ಎಸಳು ಕಿತ್ತು, ನಡುವಿನ ಹಳದಿ ಧೂಳನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಒರೆಸಿದಳು. ಒಂದಾದ ಮೇಲೊಂದು, ಅವಸರವಿಲ್ಲದೆ. ಕೆಲವೇ ದಿನಗಳಲ್ಲಿ ಆ ಹೀಚುಗಳು ಉಬ್ಬಿದವು, ಮುಟ್ಟದೆ ಬಿಟ್ಟವು ಉದುರಿದವು.

ಕುಂಬಳ, ಸೌತೆಯಲ್ಲಿ ಗಂಡು ಹೂ, ಹೆಣ್ಣು ಹೂ ಒಂದೇ ಬಳ್ಳಿಯಲ್ಲಿರುತ್ತವೆ. ಮಡಹಾಗಲದಲ್ಲಿ ಬಳ್ಳಿಯೇ ಬೇರೆ ಬೇರೆ. ಇದನ್ನು ತರಕಾರಿಯಾಗಿ ಬೆಳೆಯುವ ರೈತರು ಹೆಣ್ಣು ಬಳ್ಳಿಗಳ ನಡುವೆ ಗಂಡು ಬಳ್ಳಿಗೂ ಜಾಗ ಬಿಡುವುದು, ಅಜ್ಜಿಯಂತೆ ಕೈಯಿಂದ ಪರಾಗ ಮುಟ್ಟಿಸುವುದು ಇದಕ್ಕಾಗಿಯೇ. ಅಜ್ಜಿ ಇದನ್ನು ಯಾವ ಪುಸ್ತಕದಲ್ಲೂ ಓದಿದವಳಲ್ಲ, ನೋಡಿ ನೋಡಿ ಕಲಿತವಳು.

ನಮ್ಮ ತಾಲ್ಲೂಕಿನ ರಂಗಯ್ಯನದುರ್ಗದ ಕಾಡು 2011ರಲ್ಲಿ ಕೊಂಡುಕುರಿ ವನ್ಯಧಾಮವಾಯಿತು. ಅಲ್ಲಿನ ಗಿಡಬಳ್ಳಿಗೆ ಕಾನೂನಿನ ಕಾವಲಿದೆ. ಮೆಕ್ಕೆಜೋಳ ಬದುವಿನ ಅಂಚಿಗೆ ಬಂದು, ಕಳ್ಳಿ ಬೇಲಿ ಹೋಗಿ ತಂತಿ ಬಂದಿರುವಾಗ ಹೊಲದ ಬಳ್ಳಿಗೆ ನಾವೇ ಕಾವಲು. ಕಾಯಿ ಕುಯ್ಯಿರಿ, ಗೆಡ್ಡೆ ಅಗೆಯಬೇಡಿ. ಬರೀ ಹೂ ಬಿಡುವ ಬಳ್ಳಿ ಕಂಡರೆ ದಂಡವೆಂದು ಕೀಳಬೇಡಿ. ಬೇಲಿಯ ಅಷ್ಟೂ ಕಾಯಿಗೆ ಅದೇ ಆಧಾರ.