ಬಣ್ಣವೇ ವಸ್ತುವಾದಾಗ

ಮೈಸೂರಿನ ಚಿತ್ರಪರಂಪರೆ ಬಣ್ಣವನ್ನು ಅಪಾರ ಶ್ರದ್ಧೆಯಿಂದ ನಡೆಸಿಕೊಂಡಿತು, ಆದರೆ ಅದನ್ನು ಒಂಟಿಯಾಗಿ ನಿಲ್ಲಲು ಎಂದೂ ಬಿಡಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯು ಧ್ಯಾನಶ್ಲೋಕಗಳನ್ನು, ಅಂದರೆ ಯಾವ ದೇವತೆಗೆ ಎಷ್ಟು ಕೈ, ಯಾವ ಆಯುಧ, ಯಾವ ವಾಹನ, ಎಂಥ ಮೈಬಣ್ಣ ಎಂದು ವಿಧಿಸುವ ಶ್ಲೋಕಗಳನ್ನು, ಚಿತ್ರಗಳೊಡನೆ ಒಂಬತ್ತು ನಿಧಿಗಳಾಗಿ ಕಟ್ಟಿಕೊಟ್ಟಿದೆ. ಸಾಂಪ್ರದಾಯಿಕ ಚಿತ್ರಗಾರನು ಹುಣಿಸೆಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ರೂಪವನ್ನು ಗುರುತಿಸಿ, ಆಭರಣದ ಜಾಗಗಳನ್ನು ಗೆಸ್ಸೊ ಎಂಬ ಅಂಟುಲೇಪದಿಂದ ತೆಳುವಾಗಿ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸಿ, ಹರಿದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪುಗಳನ್ನು ಅರೆದು ತುಂಬುತ್ತಿದ್ದನು. ಇಷ್ಟೆಲ್ಲ ಶ್ರಮದ ಕೊನೆಯಲ್ಲಿ ನೋಡುವವನಿಗೆ ಕಾಣುತ್ತಿದ್ದುದು ಸರಸ್ವತಿಯೇ ಹೊರತು ಬಿಳುಪಲ್ಲ, ವಿಷ್ಣುವೇ ಹೊರತು ನೀಲಿಯಲ್ಲ. ಬಣ್ಣವು ದೇವರನ್ನು ಕರೆತಂದು ಮುಂದೆ ನಿಲ್ಲಿಸಿ, ತಾನು ಹಿಂದೆ ಸರಿಯುತ್ತಿತ್ತು.

ಈ ಸೇವೆಯಿಂದ ಬಣ್ಣ ಬಿಡುಗಡೆಗೊಂಡ ಬಗೆಯನ್ನು ತಿಳಿಯಲು ಕೆ. ವೆಂಕಟಪ್ಪನವರನ್ನು (1886–1965) ನೆನೆಯಬೇಕಾಗುತ್ತದೆ. ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತ ಅವರು ಊಟಿಯ ದೃಶ್ಯಗಳನ್ನು ಜಲವರ್ಣದಲ್ಲಿ ಬರೆದಾಗ, ಬೆಟ್ಟವನ್ನು ಮಂಜು ನುಂಗುವ ಗಳಿಗೆಯನ್ನು ಹಿಡಿದರು. ಅವರು ಅಮೂರ್ತ ಕಲಾವಿದರಲ್ಲ; ಅವರ ಕೈಯ ನಿಖರತೆ ಪೂರ್ತಿ ಬೇರೆ ದಿಕ್ಕಿನದು. ಆದರೂ ಆ ಮಂಜಿನ ಚಿತ್ರಗಳಲ್ಲಿ ಬೆಟ್ಟ ಎಲ್ಲಿ ಮುಗಿಯಿತು, ಬರಿಯ ಬೂದುನೀಲಿ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯಲು ಬರುವುದಿಲ್ಲ.

ಆ ಗೆರೆಯ ಮೇಲೆಯೇ ನಿಂತು ಜೀವಮಾನವಿಡೀ ಕೆಲಸ ಮಾಡಿದವರು 1941ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಸ್. ಜಿ. ವಾಸುದೇವ್. ಅಮೂರ್ತ ಕಲೆಯೆಂದರೆ ಲೋಕದ ಯಾವ ವಸ್ತುವನ್ನೂ ಗುರುತು ಸಿಗುವಂತೆ ತೋರಿಸದೆ, ಬಣ್ಣ, ರೇಖೆ, ಆಕಾರಗಳ ಪರಸ್ಪರ ಸಂಬಂಧದಿಂದಲೇ ಅರ್ಥ ಕಟ್ಟುವ ಕಲೆ. ಈ ವ್ಯಾಖ್ಯೆಯನ್ನು ಬಿಗಿಯಾಗಿ ಹಿಡಿದರೆ ವಾಸುದೇವ್ ಅದರ ಒಳಗೆ ಪೂರ್ತಿ ಬರುವುದಿಲ್ಲ, ಏಕೆಂದರೆ ಅವರ ಚಿತ್ರಗಳಲ್ಲಿ ಮರವಿದೆ, ಮುಖವಿದೆ, ಹಕ್ಕಿಯಿದೆ. ಮದರಾಸಿನ ಕಲಾಶಾಲೆಯಲ್ಲಿ ಕೆ. ಸಿ. ಎಸ್. ಪಣಿಕ್ಕರ್ ಅವರ ಶಿಷ್ಯರಾಗಿ, 1966ರಲ್ಲಿ ಕಡಲ ತಡಿಯಲ್ಲಿ ನೆಲೆಗೊಂಡ ಚೋಳಮಂಡಲ ಕಲಾಗ್ರಾಮದ ಸ್ಥಾಪಕ ಸದಸ್ಯರಲ್ಲಿ ಒಬ್ಬರಾಗಿ ಬೆಳೆದ ಅವರು, ಪಶ್ಚಿಮದ ಆಧುನಿಕತೆಯನ್ನು ಅನುಕರಿಸದೆ ಆಧುನಿಕರಾಗುವುದು ಹೇಗೆಂಬ ಆ ಗುಂಪಿನ ಪ್ರಶ್ನೆಗೆ ತಮ್ಮದೇ ಉತ್ತರ ಹುಡುಕಿದರು. ‘ವೃಕ್ಷ’ ಸರಣಿಗೆ ಅವರಿಗೆ ಪ್ರೇರಣೆಯಾದದ್ದು ಬೇಂದ್ರೆಯವರ ಕಾವ್ಯದ ಕಲ್ಪವೃಕ್ಷ. ಬಣ್ಣವನ್ನು ಪದರಪದರವಾಗಿ ಹಚ್ಚಿ, ಮೇಲಿನ ಪದರವನ್ನು ಚೂಪಾದ ಮೊನೆಯಿಂದ ಗೀರಿ, ಅಡಿಯಲ್ಲಿದ್ದುದನ್ನು ಹೊರಗೆ ಕರೆಯುವುದು ಅವರ ರೀತಿ. ಹೀಗೆ ಗೀರಿದ ರೇಖೆ ಬಣ್ಣದ ಮೇಲೆ ಬರೆದ ರೇಖೆಯಲ್ಲ, ಬಣ್ಣದೊಳಗಿನಿಂದ ಎದ್ದ ರೇಖೆ. ಸಾಂಪ್ರದಾಯಿಕ ಚಿತ್ರದಲ್ಲಿ ಇದ್ದಿಲ ಗೆರೆ ಮೊದಲು ಬಂದು ಬಣ್ಣ ಅದರ ಅಂಕೆಗೆ ಒಳಪಟ್ಟರೆ, ಇಲ್ಲಿ ಬಣ್ಣವೇ ಮೊದಲು. ರೂಪವು ಅದರ ಅನುಮತಿಯಿಂದ ಹುಟ್ಟುತ್ತದೆ. ಆದ್ದರಿಂದ ಈ ಚಿತ್ರಗಳಲ್ಲಿ ಮರ ಎಲ್ಲಿದೆ ಎಂದು ಹುಡುಕುವ ನೋಡುಗನು ಚಿತ್ರದ ಕೊನೆಯ ಹೆಜ್ಜೆಯನ್ನು ಮೊದಲು ಕೇಳಿದಂತಾಗುತ್ತದೆ.

ಬಣ್ಣಕ್ಕೆ ಸ್ವತಂತ್ರವಾದ ಭಾವಶಕ್ತಿಯಿದೆ ಎಂಬ ಮಾತು ಕ್ಯಾಂಡಿನ್ಸ್ಕಿಯಂಥ ಯುರೋಪಿನ ಕಲಾವಿದರಿಂದ ಬಂದದ್ದೆಂದು ಭಾವಿಸುವವರಿದ್ದಾರೆ. ಭರತನ ನಾಟ್ಯಶಾಸ್ತ್ರವು ಪ್ರತಿಯೊಂದು ರಸಕ್ಕೂ ಒಂದು ಬಣ್ಣವನ್ನು ಹೇಳಿರುವುದು ಅಂಥವರ ಗಮನಕ್ಕೆ ಬರಬೇಕು: ಶೃಂಗಾರಕ್ಕೆ ಶ್ಯಾಮ, ರೌದ್ರಕ್ಕೆ ಕೆಂಪು, ಭಯಾನಕಕ್ಕೆ ಕಪ್ಪು, ಅದ್ಭುತಕ್ಕೆ ಹಳದಿ, ಕರುಣಕ್ಕೆ ಕಪೋತವರ್ಣ, ಅಂದರೆ ಪಾರಿವಾಳದ ಬೂದು. ದುಃಖಕ್ಕೆ ಕಪ್ಪನ್ನು ಕೊಡದೆ ಬೂದನ್ನು ಕೊಟ್ಟ ಕಣ್ಣು ಅಸಾಧಾರಣವಾದದ್ದು. ಮೈಸೂರು ಅರಮನೆಯ ಸುತ್ತ ಗುಂಪುಗೂಡುವ ಪಾರಿವಾಳಗಳಲ್ಲಿ ಒಂದನ್ನು ಹತ್ತಿರದಿಂದ ನೋಡಿದರೆ ಆ ಬೂದು ಒಂದೇ ಬಣ್ಣವಲ್ಲವೆಂದು ತಿಳಿಯುತ್ತದೆ. ರೆಕ್ಕೆಯ ಮೇಲೆ ಅದು ತಣ್ಣನೆಯ ನೀಲಿಯ ಕಡೆಗೆ ವಾಲುತ್ತದೆ, ಹಕ್ಕಿ ಕತ್ತು ತಿರುಗಿಸಿದೊಡನೆ ಹಸಿರಾಗಿ, ಇನ್ನೊಂದು ಮಗ್ಗುಲಿಗೆ ನೇರಳೆಯಾಗಿ ಹೊಳೆದು, ಮತ್ತೆ ಬೂದಿಗೆ ಮರಳುತ್ತದೆ. ಕರುಣವೂ ಹೀಗೆಯೇ, ಹಿಂದಿನ ಸುಖದ ನೆನಪುಗಳನ್ನು ಒಳಗಿಟ್ಟುಕೊಂಡ ದುಃಖ. ಒಂದೇ ಬಣ್ಣದ ಹಲವು ಪದರಗಳಲ್ಲಿ ತೊಡಗುವ ಕಲಾವಿದನು ಹುಡುಕುತ್ತಿರುವುದು ಇಂಥ ಒಳಬಣ್ಣವನ್ನೇ.

ಆದರೆ ಇಲ್ಲಿ ನಿಜವಾದ ಒಂದು ತೊಡಕಿದೆ. ರಸಸಿದ್ಧಾಂತದ ಪ್ರಕಾರ ಭಾವವು ಉದ್ಬುದ್ಧವಾಗಲು ವಿಭಾವ ಬೇಕು. ವಿಭಾವವೆಂದರೆ ಭಾವಕ್ಕೆ ಕಾರಣವಾಗುವ ವ್ಯಕ್ತಿ, ವಸ್ತು, ಸನ್ನಿವೇಶ. ಶಕುಂತಲೆಯಿಲ್ಲದೆ ದುಷ್ಯಂತನ ರತಿಯಿಲ್ಲ. ಹಾಗಾದರೆ ಕಥೆಯೂ ಪಾತ್ರವೂ ಇಲ್ಲದ ಬರಿಯ ಹಸಿರು ಯಾವ ಭಾವವನ್ನು ಎಬ್ಬಿಸೀತು ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇದಕ್ಕೆ ಉತ್ತರ ಮೈಸೂರಿನಲ್ಲೇ, ಚಿತ್ರಶಾಲೆಯಲ್ಲಿ ಅಲ್ಲ, ಸಂಗೀತಸಭೆಯಲ್ಲಿ ಇದೆ. ವೀಣೆ ಶೇಷಣ್ಣನವರ ಬಾನಿಯನ್ನು ಕೇಳಿ ಬೆಳೆದ ಊರು, ಗಾಯಕ ಬಿಡಾರಂ ಕೃಷ್ಣಪ್ಪನವರು ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದ ಊರು, ಸಾಹಿತ್ಯದ ಒಂದಕ್ಷರವೂ ಇಲ್ಲದ ಆಲಾಪನೆಯನ್ನೂ ತಾನವನ್ನೂ ಕಣ್ಣುಮುಚ್ಚಿ ಕೇಳುತ್ತದೆ. ತೋಡಿ ರಾಗದ ಗಾಂಧಾರ ಸ್ವರ ಯಾರ ಕಥೆಯನ್ನು ಹೇಳುತ್ತಿದೆ ಎಂದು ಯಾರೂ ಕೇಳುವುದಿಲ್ಲ. ಆ ಸ್ವರಕ್ಕೆ ಅರ್ಥ ಬರುವುದು ಅದರ ಹಿಂದುಮುಂದಿನ ಸ್ವರಗಳಿಂದ. ಬಣ್ಣದ ವಿಷಯದಲ್ಲಿ ಇದೇ ಸಂಗತಿಯನ್ನು ಕಲಾವಿದ ಜೋಸೆಫ್ ಆಲ್ಬರ್ಸ್ 1963ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪ್ರಯೋಗಗಳ ಮೂಲಕ ತೋರಿಸಿದರು: ಒಂದೇ ಬೂದು ಕೆಂಪಿನ ಪಕ್ಕದಲ್ಲಿ ಒಂದು ಬಗೆ, ಹಸಿರಿನ ಪಕ್ಕದಲ್ಲಿ ಇನ್ನೊಂದು ಬಗೆ. ನೆರೆಯ ಬಣ್ಣವೇ ಬಣ್ಣದ ವಿಭಾವ. ಕಿವಿಗೆ ದೊರೆತ ಈ ಸಂಸ್ಕಾರ ಕಣ್ಣಿಗೆ ದೊರೆಯದಿರುವುದು ಕೊರತೆಯೇ ಸರಿ. ಆಲಾಪನೆಗೆ ಅರ್ಧ ಗಂಟೆಯನ್ನು ಸಂತೋಷದಿಂದ ಕೊಡುವವರು ಚಿತ್ರಕ್ಕೆ ಅರ್ಧ ನಿಮಿಷವನ್ನೂ ಕೊಡದೆ ಮುಂದಕ್ಕೆ ನಡೆಯುತ್ತಾರೆ.

ವಾಸುದೇವ್ ಅವರ ಬಣ್ಣ ಕ್ಯಾನ್ವಾಸನ್ನು ದಾಟಿ ರೇಷ್ಮೆಗೂ ಹೋಯಿತು. ನೇಕಾರ ಸುಬ್ಬರಾಯುಲು ಅವರೊಡನೆ ಅವರು ತಮ್ಮ ಚಿತ್ರಗಳನ್ನು ರೇಷ್ಮೆಯ ಟ್ಯಾಪೆಸ್ಟ್ರಿಗಳಾಗಿ, ಅಂದರೆ ಗೋಡೆಗೆ ತೂಗುಹಾಕುವ ನೇಯ್ದ ಚಿತ್ರಪಟಗಳಾಗಿ, ರೂಪಿಸಿದರು. 1912ರಿಂದ ರೇಷ್ಮೆಯ ಕಾರ್ಖಾನೆಯನ್ನು ಕಂಡ ಮೈಸೂರಿನವರಿಗೆ ಇದರ ಕಷ್ಟ ಬೇಗ ಅರ್ಥವಾಗುತ್ತದೆ. ಎಣ್ಣೆಬಣ್ಣವನ್ನು ಒಂದರೊಳಗೊಂದು ಕಲಸಬಹುದು, ಒಂದರಡಿಗೊಂದನ್ನು ಅಡಗಿಸಿ ಗೀರಿ ತೆಗೆಯಬಹುದು. ಬಣ್ಣ ಕುಡಿದ ಎಳೆಯಾದರೋ ಕಲಸಿದರೆ ಕಲೆಯುವಂಥದ್ದಲ್ಲ. ನೀಲಿಯ ಎಳೆಯ ಮಗ್ಗುಲಿಗೆ ಹಳದಿಯ ಎಳೆಯನ್ನು ಹಾಯಿಸಬೇಕು, ದೂರದಿಂದ ನೋಡುವವರ ಕಣ್ಣು ಅವೆರಡನ್ನು ಒಂದೇ ಬಣ್ಣವಾಗಿ ಕೂಡಿಸಿಕೊಳ್ಳಬೇಕು, ಮೇಲೆ ರೇಷ್ಮೆಯ ಹೊಳಪು ನೋಡುವ ಕೋನಕ್ಕೆ ತಕ್ಕಂತೆ ಬದಲಾಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಚಿತ್ರಕಾರನ ಒಂದು ಗೀರಿಗೆ ಸಮನಾದ ಎಳೆಗಳು ಎಷ್ಟು, ಅವು ಯಾವ ಬಣ್ಣದವು ಎಂಬುದನ್ನು ಕೊನೆಗೆ ನಿರ್ಧರಿಸುವುದು ಮಗ್ಗದ ಮುಂದೆ ಕುಳಿತವನ ಕಣ್ಣು. ಆದ್ದರಿಂದ ಆ ಪಟಗಳ ಬಣ್ಣದಲ್ಲಿ ನೇಕಾರನಿಗೂ ಚಿತ್ರಕಾರನಷ್ಟೇ ಪಾಲಿದೆ.