ಒಬ್ಬರ ಸಲುವಾಗಿ ಹೋಳಿಗೆ ಮಾಡಲು ಬರುವುದಿಲ್ಲ

ಗುರುಮಠದಲ್ಲಿ ನಮಗೆ ತತ್ವಶಾಸ್ತ್ರ, ದೈವಶಾಸ್ತ್ರ, ಧರ್ಮಸಭೆಯ ಕಾನೂನು ಎಲ್ಲವನ್ನೂ ಕಲಿಸಿದರು. ಆದರೆ ಕ್ರಿಸ್ತಜಯಂತಿಯ ವಾರದಲ್ಲಿ ಒಂದೇ ಸಂಜೆ ಏಳು ಕುಟುಂಬಗಳನ್ನು ಭೇಟಿ ಮಾಡುವ ಗುರುವು ಏಳನೆಯ ಮನೆಯ ಹೋಳಿಗೆಯನ್ನು ಹೇಗೆ ಎದುರಿಸಬೇಕು ಎಂಬುದನ್ನು ಮಾತ್ರ ಯಾವ ಪ್ರಾಧ್ಯಾಪಕರೂ ಹೇಳಿಕೊಡಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 16 ದಾಖಲೆಗಳನ್ನು ಹೊರಡಿಸಿತು. ಅವುಗಳಲ್ಲಿಯೂ ಹೋಳಿಗೆಯ ಕುರಿತು ಒಂದು ವಾಕ್ಯವಿಲ್ಲ. ಆದುದರಿಂದ ಈ ವಿಷಯದಲ್ಲಿ ನಾನು ಪಡೆದ ಜ್ಞಾನವೆಲ್ಲ ಬಾಗಲಕೋಟೆ ಜಿಲ್ಲೆಯ ತಾಯಂದಿರ ಅಡುಗೆಮನೆಗಳಿಂದಲೇ ಬಂದದ್ದು.

ನಾನು ಕರಾವಳಿಯವನು. ನಮ್ಮಲ್ಲಿ ಕ್ರಿಸ್ತಜಯಂತಿ ಎಂದರೆ ಕುಸ್ವಾರ. ಅಂದರೆ ನೆವ್ರಿ, ಕುಲ್ಕುಲ್, ಚಕ್ಕುಲಿ, ತುಕ್ಕಡಿ ಎಲ್ಲ ಸೇರಿದ ತಟ್ಟೆ. ಸೇವೆಯ ನಿಮಿತ್ತ ಕಲಾದಗಿಯ ಕಡೆಗೆ ಮೊದಲ ಬಾರಿ ಬಂದಾಗ, ಬಯಲುಸೀಮೆಯ ಬಿಸಿಲಿನಲ್ಲಿ ಸಿಹಿಗೆ ಎಡೆಯೆಲ್ಲಿ ಎಂದುಕೊಂಡಿದ್ದೆ. ಘಟಪ್ರಭೆಯ ದಡದ ಈ ಊರು ಬ್ರಿಟಿಷರ ಕಾಲದಲ್ಲಿ ಜಿಲ್ಲಾ ಕೇಂದ್ರವಾಗಿತ್ತು. 1880ರ ದಶಕದಲ್ಲಿ ಆ ಪಟ್ಟ ವಿಜಾಪುರಕ್ಕೆ ಹೋಯಿತು. ಕಚೇರಿಗಳು ಹೋದರೂ ಮಣ್ಣು ಇಲ್ಲಿಯೇ ಉಳಿಯಿತು. ಇಂದು ಕಲಾದಗಿಯ ಹೆಸರು ಹೇಳಿದರೆ ಜನರಿಗೆ ಕಲೆಕ್ಟರರು ನೆನಪಾಗುವುದಿಲ್ಲ. ದಾಳಿಂಬೆ ಮತ್ತು ಚಿಕ್ಕು ನೆನಪಾಗುತ್ತವೆ. ಅತ್ತ ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲ, ಇತ್ತ ಹುನಗುಂದದ ದಾರಿಯ ಅಮೀನಗಡದಲ್ಲಿ ಕರದಂಟು. ಸಿಹಿಯನ್ನು ತಪ್ಪಿಸಿಕೊಂಡು ಈ ಜಿಲ್ಲೆಯಿಂದ ಹೊರಗೆ ಹೋಗಲು ಯಾವ ದಾರಿಯೂ ಇಲ್ಲ.

ಮೊದಲ ವರ್ಷವೇ ಒಂದು ಮನೆಯಲ್ಲಿ ನನ್ನ ಮುಂದೆ ಬಂದ ತಟ್ಟೆಯನ್ನು ನೋಡಿ, “ಓಹೋ, ನೆವ್ರಿ!” ಎಂದೆ. ಆ ತಾಯಿ, “ಅಲ್ರಿ ಫಾದರ್, ಇದು ಕರ್ಚಿಕಾಯಿ” ಎಂದರು. ಅದೇ ಅರ್ಧಚಂದ್ರಾಕಾರ, ಅದೇ ಹಲ್ಲಿನ ಚಕ್ರದಿಂದ ಕತ್ತರಿಸಿದ ಅಂಚು. ನಮ್ಮ ಮನೆಗಳಲ್ಲಿ ತೆಂಗಿನಕಾಯಿ ಹೆಚ್ಚು. ಇಲ್ಲಿ ಒಣಕೊಬ್ಬರಿ, ಹುರಿಗಡಲೆ, ಗಸಗಸೆ. ಮಹಾರಾಷ್ಟ್ರದವರು ಇದನ್ನೇ ಕರಂಜಿ ಎನ್ನುತ್ತಾರೆ. ಉತ್ತರ ಭಾರತದವರು ಗುಜಿಯಾ ಎನ್ನುತ್ತಾರೆ. ನಮ್ಮದು ಮಾತ್ರವೇ ಎಂದು ನಾವು ಹೆಮ್ಮೆಪಡುವ ಎಷ್ಟೋ ಸಂಗತಿಗಳು ಪಕ್ಕದ ಊರಿನಲ್ಲಿ ಬೇರೆ ಹೆಸರಿನಿಂದ ಸುಖವಾಗಿ ಬದುಕಿರುತ್ತವೆ. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಬಾದಾಮಿ ತಾಲ್ಲೂಕಿನಲ್ಲಿ ಬಾದಾಮಿ ಬೆಳೆಯುತ್ತದೆಯೇ ಎಂದು ನಮ್ಮ ಊರಿನ ನೆಂಟರು ಇಂದಿಗೂ ನನ್ನನ್ನು ಕೇಳುತ್ತಾರೆ. ಅಲ್ಲಿ ಬೆಳೆಯುವುದು ಜೋಳ. ಬಾದಾಮಿ ಏನಿದ್ದರೂ ಕರದಂಟಿನೊಳಗೆ ಎಂದು ಉತ್ತರಿಸುತ್ತೇನೆ.

ಹೀಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಿತು ಎಂದು ನಾನು ಸಂತೋಷಪಡುತ್ತಿರುವಾಗಲೇ ಡಾಕ್ಟರರು ನನ್ನ ರಕ್ತಪರೀಕ್ಷೆಯ ಚೀಟಿಯನ್ನು ಕೈಯಲ್ಲಿ ಹಿಡಿದು ಮೌನವಾದರು. ಧರ್ಮಗುರುಗಳೆಂಬ ಗೌರವದಿಂದ ಅವರು ಮೆಲ್ಲಗೇ ಹೇಳಿದರು. ಆದರೆ ಸಕ್ಕರೆ ಕಾಯಿಲೆಯನ್ನು ಎಷ್ಟು ಮೆಲ್ಲಗೆ ಹೇಳಿದರೂ ಅದು ಸಕ್ಕರೆ ಕಾಯಿಲೆಯೇ. ಮಾತ್ರೆ, ಮುಂಜಾನೆಯ ನಡಿಗೆ, ಮತ್ತು ಸಿಹಿಗೆ ನಿರ್ಬಂಧ.

ಈ ಸುದ್ದಿ ತಿಳಿದ ಮೇಲೆ ಮನೆಮನೆಗಳಲ್ಲಿ ನಡೆದ ದೈವಶಾಸ್ತ್ರದ ಚರ್ಚೆಯನ್ನು ನೀವು ಕೇಳಬೇಕಾಗಿತ್ತು. “ಡಾಕ್ಟ್ರು ಸಕ್ಕರಿ ಬ್ಯಾಡ ಅಂದಾರ್ರಿ ಫಾದರ್, ಬೆಲ್ಲ ಬ್ಯಾಡ ಅಂದಾರೇನು?” ಎಂದು ಒಬ್ಬರು ಕೇಳಿದರು. “ಇದು ಮಾದಲಿ, ಗೋದಿ ಅದ, ಕಡ್ಲಿಬ್ಯಾಳಿ ಅದ, ಔಷಧ ಇದ್ದಾಂಗ” ಎಂದು ಇನ್ನೊಬ್ಬರು ಸಮಾಧಾನಪಡಿಸಿದರು. ಹುರಿದ ಗೋದಿರೊಟ್ಟಿಯನ್ನು ಪುಡಿ ಮಾಡಿ, ಬೆಲ್ಲ, ಕೊಬ್ಬರಿ, ಗಸಗಸೆ ಬೆರೆಸಿ, ಮೇಲೆ ಹಾಲು ತುಪ್ಪ ಸುರಿದ ಮಾದಲಿಯು ಯಾವ ರೋಗಕ್ಕೆ ಔಷಧವೋ ನಾನರಿಯೆ, ಹಸಿವಿಗಂತೂ ಹೌದು. ಜೇನು ಸಿಕ್ಕಿದರೆ ಮಿತವಾಗಿ ತಿನ್ನು ಎಂದು ಜ್ಞಾನೋಕ್ತಿಗಳ ಗ್ರಂಥವು ಎಚ್ಚರಿಸುತ್ತದೆ. ಆ ಮಾತನ್ನು ಬರೆದ ಜ್ಞಾನಿಯು ಉತ್ತರ ಕರ್ನಾಟಕದಲ್ಲಿ ಕುಟುಂಬ ಭೇಟಿ ಮಾಡಿದವನಾಗಿದ್ದರೆ, ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಾಗ ಬೆರಳುಗಳ ಸಂದಿಯಿಂದಲೇ ತುಪ್ಪ ಬಡಿಸುವ ತಾಯಂದಿರ ಕುರಿತು ಇನ್ನೊಂದು ಅಧ್ಯಾಯವನ್ನು ಸೇರಿಸುತ್ತಿದ್ದನು.

ಕಡೆಗೆ ನಾನೂ ಡಾಕ್ಟರರೂ ಒಂದು ಒಪ್ಪಂದಕ್ಕೆ ಬಂದೆವು. ಹಬ್ಬದ ದಿನ ಅರ್ಧ ಹೋಳಿಗೆ, ಒಂದೇ ಮನೆಯಲ್ಲಿ. ಉಳಿದ ಮನೆಗಳಲ್ಲಿ ಚಹಾ, ಅದೂ ಸಪ್ಪೆ. ತಿನ್ನುವುದು ಕಡಿಮೆಯಾದ ಮೇಲೆ ನೋಡುವುದು ಹೆಚ್ಚಾಯಿತು. ಬಾಯಿ ತುಂಬಿದ್ದಾಗ ಕಾಣದ ಎಷ್ಟೋ ಸಂಗತಿಗಳು ಕಣ್ಣಿಗೆ ಬೀಳತೊಡಗಿದವು.

ಅಂಟಿನುಂಡಿ ಕಟ್ಟುವುದನ್ನು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ನೋಡಿದೆ. ಮರದ ಅಂಟಿನ ಹರಳುಗಳನ್ನು ಕಾದ ತುಪ್ಪಕ್ಕೆ ಹಾಕಿದೊಡನೆ ಅವು ಅರಳಿನಂತೆ ಉಬ್ಬುತ್ತವೆ. ಹಾಗೆ ಕರಿದ ಅಂಟೇ ಕರದಂಟಿಗೂ ಹೆಸರು ಕೊಟ್ಟದ್ದು. ಒಣಕೊಬ್ಬರಿಯನ್ನು ತುರಿದು, ಉತ್ತತ್ತಿಯ ಬೀಜ ತೆಗೆದು ಚೂರು ಮಾಡಿ, ಗೋಡಂಬಿ, ಬಾದಾಮಿ, ಒಣದ್ರಾಕ್ಷಿ, ಗಸಗಸೆಗಳನ್ನು ಬೇರೆಬೇರೆಯಾಗಿ ಹುರಿಯಬೇಕು. ಒಟ್ಟಿಗೆ ಹುರಿದರೆ ಒಂದು ಹಸಿಯಾಗಿಯೇ ಉಳಿದು ಇನ್ನೊಂದು ಕರಕಾಗುತ್ತದೆ. ಆಮೇಲೆ ಬೆಲ್ಲದ ಪಾಕ. ಒಂದು ಹನಿಯನ್ನು ನೀರಿನ ಬಟ್ಟಲಿಗೆ ಬಿಟ್ಟು, ಬೆರಳಿನಲ್ಲಿ ಉರುಳಿಸಿ ಹದ ನೋಡುತ್ತಾರೆ. ಎಳೆಯ ಪಾಕದಲ್ಲಿ ಉಂಡಿ ನಿಲ್ಲುವುದಿಲ್ಲ. ಪಾಕ ಏರಿದರೆ ಹಲ್ಲು ನಿಲ್ಲುವುದಿಲ್ಲ. ಹದ ಬಂದ ಮೇಲೆ ಬಿಸಿ ಇರುವಾಗಲೇ ಕಟ್ಟಬೇಕು, ಅಂಗೈ ಕೆಂಪಾದರೂ ಸರಿಯೇ. ಇದನ್ನು ಮುಖ್ಯವಾಗಿ ಬಾಣಂತಿಯರಿಗೆ ಮಾಡುತ್ತಾರೆ. ಕಟ್ಟುವವರು ಅಜ್ಜಿ, ಅತ್ತೆ, ಅಕ್ಕಂದಿರು. ವಿವಾಹ ಸಿದ್ಧತೆಯ ತರಗತಿಗಳಲ್ಲಿ ನಾನು ಈಗ ಈ ಪಾಕದ ಮಾತನ್ನೇ ಹೇಳುತ್ತೇನೆ. ಯುವಕರು ನಗುತ್ತಾರೆ. ವರ್ಷ ಕಳೆದ ಮೇಲೆ ಅವರಲ್ಲಿ ಕೆಲವರು ಬಂದು, “ಫಾದರ್, ನಮ್ಮ ಪಾಕ ಸ್ವಲ್ಪ ಏರೇತ್ರಿ” ಎನ್ನುತ್ತಾರೆ. ಆಗ ಕುಳಿತು ಮಾತನಾಡುತ್ತೇವೆ.

ನಾನು ಗಮನಿಸಿದ ಇನ್ನೊಂದು ಸಂಗತಿ ಪಾತ್ರೆಯದು. ಪಕ್ಕದ ಮನೆಯಿಂದ ಸಿಹಿ ತುಂಬಿ ಬಂದ ಬಟ್ಟಲನ್ನು ಈ ನಾಡಿನಲ್ಲಿ ಬರಿದಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಅದರಲ್ಲಿರಬೇಕು. ಪಂಚಮಿ ಬಂದರೆ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ನಮ್ಮವರ ಮನೆಗೆ ಬರುತ್ತವೆ. ರಮಜಾನ್ ಮುಗಿದ ದಿನ ಸುರಕುಂಬಾ ಬರುತ್ತದೆ. ಕ್ರಿಸ್ತಜಯಂತಿಯಂದು ನಮ್ಮವರ ಕರ್ಚಿಕಾಯಿ ಹೋಗುತ್ತದೆ. ಹೀಗೆ ಒಂದು ಸ್ಟೀಲಿನ ಡಬ್ಬಿ ವರ್ಷಾನುಗಟ್ಟಲೆ ಓಣಿಯಲ್ಲಿ ತಿರುಗುತ್ತಿರುತ್ತದೆ. ಅದು ಮೂಲತಃ ಯಾರದೆಂದು ತಳದಲ್ಲಿ ಕೊರೆದ ಹೆಸರನ್ನು ನೋಡಿಯೇ ಹೇಳಬೇಕು.

ಈ ಡಬ್ಬಿಯ ತಿರುಗಾಟ ನಿಂತರೆ ಏನಾಗುತ್ತದೆ ಎಂಬುದನ್ನು ನಾನು ಅರಿತದ್ದು ಬಾಗಲಕೋಟೆಯ ನವನಗರದ ಒಂದು ಮನೆಯಲ್ಲಿ. ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನು ನುಂಗಿದಾಗ ಸಾವಿರಾರು ಕುಟುಂಬಗಳು ಅಲ್ಲಿಂದ ಎದ್ದು ನವನಗರದ ಸೆಕ್ಟರುಗಳಿಗೆ ಬಂದವು. ರಸ್ತೆಗಳು ಅಗಲವಾದವು. ಆದರೆ ಒಂದೇ ಗೋಡೆಯ ಎರಡು ಬದಿಗೆ ಬಾಳಿದ್ದವರು ಬೇರೆಬೇರೆ ಸೆಕ್ಟರುಗಳಿಗೆ ಹಂಚಿಹೋದರು. ನಾನು ಹೇಳುವ ತಾಯಿ ಅಂಥ ಓಣಿಯೊಂದರಿಂದ ಬಂದವರು, ಎಪ್ಪತ್ತು ದಾಟಿದವರು. ಪತಿ ತೀರಿಕೊಂಡಿದ್ದರು, ಮಗ ದೂರದ ಊರಿನಲ್ಲಿ ಕೆಲಸಕ್ಕಿದ್ದನು. ಅವರ ಶೇಂಗಾ ಹೋಳಿಗೆಯ ಹೆಸರನ್ನು ಅವರ ಹಳೆಯ ನೆರೆಯವರಿಂದ ನಾನು ಎಷ್ಟೋ ಬಾರಿ ಕೇಳಿದ್ದೆ. ಕ್ರಿಸ್ತಜಯಂತಿಯ ಭೇಟಿಗೆ ಹೋದಾಗ ಅವರು ಅಂಗಡಿಯಿಂದ ತಂದ ಬಿಸ್ಕತ್ತನ್ನು ತಟ್ಟೆಯಲ್ಲಿಟ್ಟರು. “ಹೋಳಿಗೆ ಮಾಡಲಿಲ್ಲವೇ ಅಮ್ಮಾ?” ಎಂದೆ.

“ಒಬ್ಬಾಕೀಗೆ ಅಂತ ಯಾಕ ಮಾಡ್ಲ್ರಿ ಫಾದರ್? ಒಬ್ಬರ ಸಲುವಾಗಿ ಹೋಳಿಗಿ ಮಾಡಾಕ ಬರೂದಿಲ್ರಿ” ಎಂದರು. ಅಳಲಿಲ್ಲ. ಹಿಟ್ಟಿಗೆ ಎಷ್ಟು ನೀರು ಬೇಕೆಂದು ಹೇಳುವಂತೆ ಹೇಳಿದರು. ಅಡುಗೆಮನೆಯ ಹಲಗೆಯ ಮೇಲೆ ಡಬ್ಬಿಗಳು ಬೆಳಗಿಟ್ಟಂತೆಯೇ ಸಾಲಾಗಿದ್ದವು. ಎಲ್ಲವೂ ಅವರವೇ, ಬೇರೆಯವರ ಹೆಸರು ಕೊರೆದದ್ದು ಒಂದೂ ಇರಲಿಲ್ಲ.

ನನಗೆ ಆಗ ಪ್ರವಾದಿ ಎಲೀಯ ನೆನಪಾದನು. ಬರಗಾಲದಲ್ಲಿ ಅವನು ಸರೆಪ್ತ ಊರಿನ ವಿಧವೆಯ ಬಳಿಗೆ ಬಂದಾಗ ಆಕೆಯ ಬಳಿ ಇದ್ದದ್ದು ಒಂದು ಹಿಡಿ ಹಿಟ್ಟು, ತುಸು ಎಣ್ಣೆ. ಆದರೂ ಪ್ರವಾದಿಯು ಮೊದಲು ತನಗೊಂದು ಸಣ್ಣ ರೊಟ್ಟಿ ಮಾಡಿಕೊಡೆಂದು ಕೇಳಿದನು. ಓದುವಾಗ ಇದು ಸ್ವಾರ್ಥದ ಮಾತೆಂದು ತೋರುತ್ತದೆ. ಆದರೆ ಇನ್ನು ನನ್ನ ಕೈಯಿಂದ ಯಾರಿಗೂ ಏನೂ ಆಗಬೇಕಾಗಿಲ್ಲ ಎಂದು ಕುಳಿತವರಿಗೆ ಕೊಡುವುದಕ್ಕಿಂತ ಅವರಿಂದ ಕೇಳುವುದು ಕೆಲವೊಮ್ಮೆ ದೊಡ್ಡ ಉಪಕಾರ. ನಾನೂ ಕೇಳಿದೆ: “ಹೊಸ ವರ್ಷದ ದಿನ ಬರುತ್ತೇನೆ. ನನಗೆ ಅರ್ಧ ಹೋಳಿಗೆ ಬೇಕು.”

“ಅರ್ಧಾ?” ಎಂದು ಅವರು ನನ್ನನ್ನು ಕನಿಕರದಿಂದ ನೋಡಿದರು. ಅರ್ಧ ಹೋಳಿಗೆಗಾಗಿ ಒಲೆ ಹಚ್ಚುವುದು ಆ ತಾಯಿಯ ಕುಲಧರ್ಮಕ್ಕೆ ಹೊಂದುವ ಸಂಗತಿಯಾಗಿರಲಿಲ್ಲ. ಹೊಸ ವರ್ಷದ ದಿನ ಹೋದಾಗ ಒಂದು ಸೇರು ಶೇಂಗಾ ಹುರಿದು, ಕುಟ್ಟಿ, ಬೆಲ್ಲ ಬೆರೆಸಿ ಮಾಡಿದ ಹೋಳಿಗೆಗಳು ಬುಟ್ಟಿಯಲ್ಲಿದ್ದವು. ನಾನು ಡಾಕ್ಟರರ ಒಪ್ಪಂದದಂತೆ ಅರ್ಧ ತಿಂದೆ. “ಉಳಿದದ್ದನ್ನ ಏನ್ ಮಾಡ್ಲ್ರಿ ಈಗ?” ಎಂದು ಅವರು ಗದರಿದರು. ಗೋಡೆಯಾಚೆ ಮಕ್ಕಳ ಗದ್ದಲ ಕೇಳಿಸುತ್ತಿತ್ತು. ಆ ಮನೆಯವರು ಯಾರೆಂದು ಕೇಳಿದೆ. ಬಾಡಿಗೆಗೆ ಬಂದ ಮುಸಲ್ಮಾನ ಕುಟುಂಬ, ಮುಖಪರಿಚಯವಷ್ಟೇ ಎಂದರು. ಐದು ಹೋಳಿಗೆಗಳು ಡಬ್ಬಿಯಲ್ಲಿ ಗೋಡೆ ದಾಟಿದವು. ಇನ್ನೈದು ಎದುರು ಮನೆಯ ಶಿಕ್ಷಕರಿಗೆ ಹೋದವು. ರಮಜಾನ್ ಮುಗಿದ ದಿನ ಆ ಡಬ್ಬಿ ಸುರಕುಂಬಾ ತುಂಬಿಕೊಂಡು ಬಂದಿತೆಂದು ಆಮೇಲೆ ಅವರೇ ಹೇಳಿದರು. ಮುಂದಿನ ಬಾರಿ ಹೋದಾಗ ಹಲಗೆಯ ಮೇಲೆ ಬೇರೆ ಹೆಸರಿನ ಎರಡು ಪಾತ್ರೆಗಳಿದ್ದವು. ನನ್ನ ಸಕ್ಕರೆ ಕಾಯಿಲೆಯಿಂದ ಆ ಬೀದಿಗೆ ಒಳ್ಳೆಯದೇ ಆಯಿತು. ನಾನು ಹಳೆಯ ಕಾಲದಂತೆ ಐದು ಹೋಳಿಗೆ ತಿನ್ನುವವನಾಗಿದ್ದರೆ ಗೋಡೆಯಾಚೆಗೆ ಏನೂ ಹೋಗುತ್ತಿರಲಿಲ್ಲವೇನೋ.

ಹಬ್ಬದ ಸಿಹಿ ಮನೆಯೊಳಗೇ ಮುಗಿಯಬಾರದೆಂಬುದು ಹಳೆಯ ಒಡಂಬಡಿಕೆಯಲ್ಲಿಯೂ ಇದೆ. ಸೆರೆಯಿಂದ ಹಿಂದಿರುಗಿದ ಜನರು ಧರ್ಮಶಾಸ್ತ್ರದ ಪಾರಾಯಣವನ್ನು ಕೇಳಿ ಅಳತೊಡಗಿದಾಗ, ಅಳಬೇಡಿರಿ, ಮೃಷ್ಟಾನ್ನ ಉಂಡು ಮಧುರ ಪಾನ ಮಾಡಿರಿ, ಏನನ್ನೂ ಸಿದ್ಧಮಾಡಿಕೊಳ್ಳದವರಿಗೆ ಪಾಲು ಕಳುಹಿಸಿರಿ ಎಂಬ ಅಪ್ಪಣೆ ಅವರಿಗೆ ದೊರೆಯಿತೆಂದು ನೆಹೆಮೀಯನ ಗ್ರಂಥ ಹೇಳುತ್ತದೆ. ಏನನ್ನೂ ಸಿದ್ಧಮಾಡಿಕೊಳ್ಳದವರು ಎಂದರೆ ಬಡವರು ಮಾತ್ರವಲ್ಲ. ಒಬ್ಬರಿಗಾಗಿ ಏಕೆ ಮಾಡಲಿ ಎಂದು ಒಲೆ ಹಚ್ಚದವರೂ ಹೌದು.

ಅಸ್ಸಿಸಿಯ ಸಂತ ಫ್ರಾನ್ಸಿಸರ ಕಡೆಯ ದಿನಗಳ ಸಂಗತಿಯೊಂದು ನನಗೆ ಬಹಳ ಪ್ರಿಯ. 1226ರ ಅಕ್ಟೋಬರ್‌ನಲ್ಲಿ ಅವರು ಮರಣಶಯ್ಯೆಯಲ್ಲಿದ್ದರು. ಉಪವಾಸ, ಬಡತನಗಳಲ್ಲಿಯೇ ಜೀವನ ಸವೆಸಿದ ಆ ಮಹಾತ್ಮರು ಆಗ ಬಯಸಿದ್ದು ಒಂದು ಸಿಹಿತಿಂಡಿಯನ್ನು! ರೋಮಿನ ಜಾಕೋಬಾ ಎಂಬ ವಿಧವೆ ತಾವು ಅಲ್ಲಿಗೆ ಹೋದಾಗಲೆಲ್ಲ ಮಾಡಿಕೊಡುತ್ತಿದ್ದ ಬಾದಾಮಿಯ ತಿಂಡಿ ಅದು. ನಮ್ಮ ಕರದಂಟಿನ ದೂರದ ಬಂಧುವೆಂದರೂ ಆದೀತು. ಪತ್ರ ಕಳುಹಿಸುವ ಮೊದಲೇ ಆಕೆ ಬೇಕಾದುದನ್ನೆಲ್ಲ ಹೊತ್ತು ಬಂದಿದ್ದರು. ಕಾಯಿಲೆಯಿಂದ ಫ್ರಾನ್ಸಿಸರಿಗೆ ಹೆಚ್ಚು ತಿನ್ನಲಾಗಲಿಲ್ಲ. ಆ ತಿಂಡಿಯನ್ನು ಕಂಡಾಗ ಅವರಿಗೆ ತಮ್ಮ ಮೊದಲ ಸಂಗಾತಿ ಸಹೋದರ ಬರ್ನಾರ್ಡರ ನೆನಪಾಯಿತು. ಇದು ಅವನಿಗೆ ಹಿಡಿಸುತ್ತದೆ ಎಂದು ಹೇಳಿ ಅವರನ್ನು ಕರೆಸಿದರು. ಸಾಯುವ ಹೊತ್ತಿನಲ್ಲಿಯೂ ಸಿಹಿಯ ಮುಂದೆ ಅವರಿಗೆ ಇನ್ನೊಬ್ಬರು ನೆನಪಾದರು.

ಪ್ರಿಯ ಕುಟುಂಬದವರೇ, ಅಂಗಡಿಯ ಪೆಟ್ಟಿಗೆಗಳ ಮೇಲೆ ನನಗೆ ದ್ವೇಷವಿಲ್ಲ. ಕೆಲಸಕ್ಕೆ ಹೋಗುವ ತಾಯಂದಿರಿಗೆ ಮೂರು ದಿನ ಒಲೆಯ ಮುಂದೆ ಕುಳಿತಿರಲು ಬಿಡುವೆಲ್ಲಿ? ಆದರೆ ವರ್ಷದಲ್ಲಿ ಒಮ್ಮೆ, ಒಂದೇ ಬಗೆಯ ತಿಂಡಿಯನ್ನಾದರೂ ಮನೆಮಂದಿಯೆಲ್ಲ ಸೇರಿ ಮಾಡಿರಿ. ಗಂಡಸರು ಶೇಂಗಾದ ಸಿಪ್ಪೆ ಬಿಡಿಸಲಿ. ಅದಕ್ಕೆ ವಿಶೇಷ ವರದಾನವೇನೂ ಬೇಕಾಗಿಲ್ಲ. ಮಾಡಿದ್ದರಲ್ಲಿ ಮೊದಲ ಪಾಲು ಒಬ್ಬರೇ ಇರುವ ಹಿರಿಯರಿಗೆ, ಎರಡನೆಯದು ಹೆಸರು ತಿಳಿಯದ ನೆರೆಯವರಿಗೆ ಹೋಗಲಿ. ಸಕ್ಕರೆ ಕಾಯಿಲೆಯವರಿಗೆ ಅರ್ಧವೇ ಸಾಕು, ಜೊತೆಗೆ ಹತ್ತು ನಿಮಿಷ ಕುಳಿತು ಮಾತಾಡಿರಿ. ಡಬ್ಬಿಯನ್ನು ಮಗುವಿನ ಕೈಯಲ್ಲಿಯೇ ಕಳುಹಿಸಿರಿ, ಓಣಿಯ ದಾರಿ ಅದಕ್ಕೂ ತಿಳಿಯಲಿ. ದಾರಿಯಲ್ಲಿ ಅದು ಮುಚ್ಚಳ ತೆರೆದು ಒಂದನ್ನು ತಿಂದರೆ ಲೆಕ್ಕ ಕೇಳಬೇಡಿರಿ.